ಕಲ್ಲಿನ ರಥದ ಕಾಣದ ಶಿಖರ

ಹಂಪಿಗೆ ಹೋದವರೆಲ್ಲ ವಿಜಯವಿಠ್ಠಲ ದೇಗುಲದ ಕಲ್ಲಿನ ರಥದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿತ್ತೆಂಬುದು ಎಷ್ಟು ಮಂದಿಗೆ ಗೊತ್ತು?

ಅದಕ್ಕೆ ಸಾಕ್ಷಿ 1856ರ ಒಂದು ಛಾಯಾಚಿತ್ರ. ತೆಗೆದವರು ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ಫಿಲ್ಮ್ ಸುರುಳಿ ಇನ್ನೂ ಬಂದಿರದ ಕಾಲವದು. ಮೇಣ ಹೀರಿದ ಕಾಗದಕ್ಕೆ ಬೆಳ್ಳಿಯ ಲವಣ ಲೇಪಿಸಿ, ಅದರ ಮೇಲೆ ಬಹಳ ಹೊತ್ತು ಬೆಳಕು ಬೀಳಿಸಬೇಕಿತ್ತು. ಅತ್ತಿತ್ತ ಓಡಾಡಿದವರು ಚಿತ್ರದಲ್ಲಿ ಮೂಡುತ್ತಲೇ ಇರಲಿಲ್ಲ. ಕಲ್ಲು ಮಾತ್ರ ನಿಚ್ಚಳವಾಗಿ ಉಳಿಯುತ್ತಿತ್ತು!

ಈ ನೆಗೆಟಿವ್‌ಗಳು ಶತಮಾನಕ್ಕೂ ಹೆಚ್ಚು ಕಾಲ ಮರೆಯಲ್ಲಿದ್ದವು. ಅವು ಬೆಳಕಿಗೆ ಬಂದ ಮೇಲೆ, 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಹಂಪಿಯಲ್ಲಿ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಯೇ ತಮ್ಮ ಕ್ಯಾಮೆರಾ ಇಟ್ಟರು. ಎರಡು ಕಾಲದ ಚಿತ್ರಗಳೂ 2008ರಲ್ಲಿ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಬಂದವು. ಒಂದರಲ್ಲಿ ರಥಕ್ಕೆ ಶಿಖರವಿದೆ, ಇನ್ನೊಂದರಲ್ಲಿ ಇಲ್ಲ. ನಿಂತ ಜಾಗ ಒಂದೇ ಆದ್ದರಿಂದಲೇ ನಡುವಿನ ಕಾಲ ಕಣ್ಣಿಗೆ ಕಾಣುತ್ತದೆ. ಹಿರಿಯರಿಂದ ಸ್ಫೂರ್ತಿ ಪಡೆಯುವುದೆಂದರೆ ಇದೇ ಅಲ್ಲವೇ?

ಹಂಪಿಯಿಂದ ತುಂಗಭದ್ರೆಯ ಗುಂಟ ಮೇಲಕ್ಕೆ ಬಂದರೆ ಹೂವಿನಹಡಗಲಿ ಸೀಮೆ. ಇಲ್ಲಿನವರಿಗೂ ಅಂಥದೊಂದು ಅವಕಾಶವಿದೆ. ಅಲೆಕ್ಸಾಂಡರ್ ರೀ 1896ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥದಲ್ಲಿ ಹೂವಿನಹಡಗಲಿ, ಹಿರೇಹಡಗಲಿ, ಮಾಗಳ, ಕುರುವತ್ತಿಯ ಗುಡಿಗಳಿವೆ. ಆ ಪುಟಗಳನ್ನು ಹಿಡಿದು ಅದೇ ಬಾಗಿಲವಾಡದ ಮುಂದೆ ನಿಂತರೆ ಸಾಕು. ಯಾವ ಅಂಚು ಸವೆದಿದೆ, ಯಾವ ಕೆತ್ತನೆ ಮುಕ್ಕಾಗಿದೆ ಎಂಬುದನ್ನು ಕ್ಯಾಮೆರಾ ತಾನೇ ಹೇಳುತ್ತದೆ.

ಗುಡಿಗಳಷ್ಟೇ ಏಕೆ? ನಸುಕಿನಲ್ಲಿ ಮಲ್ಲಿಗೆ ಬಿಡಿಸುವ ಕೈಗಳು, ಮೈಲಾರದ ಕಾರಣಿಕಕ್ಕೆ ಕಿವಿಗೊಟ್ಟು ನಿಂತ ಜನ, ಊರಿನ ಹಳೆಯ ಮನೆಯ ಕಟ್ಟೆ, ಇವೂ ಚಿತ್ರಕ್ಕೆ ಬೇಕು. ಇಂದು ಹೆಚ್ಚಿನವರ ಜೇಬಿನಲ್ಲೂ ಕ್ಯಾಮೆರಾ ಇದೆ. ತೆಗೆದ ಚಿತ್ರಕ್ಕೆ ಊರು, ಜಾಗ, ದಿನಾಂಕ ಬರೆದಿಡುವ ತಾಳ್ಮೆಯೊಂದು ಬೇಕು.

ರಥದ ಶಿಖರ ಮುಂದೆ ಇರುವುದಿಲ್ಲವೆಂದು ಗ್ರೀನ್‌ಲಾಗೆ ಗೊತ್ತಿರಲಿಲ್ಲ. ಎದುರಿಗಿದ್ದುದನ್ನು ಅವರು ಶ್ರದ್ಧೆಯಿಂದ ತೆಗೆದರು, ಅಷ್ಟೇ. ನಮ್ಮ ಕಣ್ಣೆದುರಿನ ಯಾವುದು ನಾಳೆ ಇರುವುದಿಲ್ಲವೋ, ಬಲ್ಲವರಾರು?