ಭೇದಿ ವಾಸಿಯಾದ ಮೇಲೆ ಕಾಲು ಸೋತರೆ

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಜನ ಕೈಕಾಲಿನ ಬಲ ಕಳೆದುಕೊಂಡು ಆಸ್ಪತ್ರೆ ಸೇರತೊಡಗಿದರು. ಹಲವರಿಗೆ ವೆಂಟಿಲೇಟರ್ ಬೇಕಾಯಿತು. ಅನೇಕರಿಗೆ ಕೆಲ ದಿನಗಳ ಹಿಂದಷ್ಟೇ ಭೇದಿ ಬಂದು ಹೋಗಿತ್ತು. ಕೆಲವರ ಮಲಪರೀಕ್ಷೆಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಕುಡಿಯುವ ನೀರಿನ ಮೇಲೆ ಸಂಶಯ ಬಂತು. ಕಾಯಿಲೆಯ ಹೆಸರು ಗೀಯನ್-ಬಾರೆ ಸಿಂಡ್ರೋಮ್, ಚಿಕ್ಕದಾಗಿ ಜಿಬಿಎಸ್.

ಹೊಟ್ಟೆಯ ರೋಗಾಣುವಿಗೂ ಕಾಲಿನ ನರಕ್ಕೂ ಏನು ಸಂಬಂಧ? ಆ ರೋಗಾಣು ನರದ ಕಡೆ ಸುಳಿಯುವುದೇ ಇಲ್ಲ. ಅದು ಕರುಳಿಗೆ ನುಗ್ಗಿದಾಗ ದೇಹವು ಅದರ ಗುರುತು ಹಿಡಿದು ಪ್ರತಿಕಾಯಗಳನ್ನು ತಯಾರಿಸುತ್ತದೆ. ತೊಂದರೆ ಇರುವುದು ಆ ಗುರುತಿನಲ್ಲಿ. ಈ ಬ್ಯಾಕ್ಟೀರಿಯಾದ ಕೆಲವು ತಳಿಗಳ ಹೊರಮೈಯಲ್ಲಿರುವ ಸಕ್ಕರೆಯ ಸರಪಳಿಯು ನಮ್ಮ ನರಗಳ ಮೇಲಿನ ಗ್ಯಾಂಗ್ಲಿಯೋಸೈಡ್ ಎಂಬ ಪದಾರ್ಥವನ್ನೇ ಹೋಲುತ್ತದೆ. ಕಳ್ಳನಂತೆಯೇ ಅಂಗಿ ತೊಟ್ಟ ಮನೆಯವನಿಗೆ ಕಾವಲುಗಾರ ಹೊಡೆದಂತೆ, ಪ್ರತಿಕಾಯಗಳು ಸ್ವಂತ ನರಗಳ ಮೇಲೆಯೇ ಬೀಳುತ್ತವೆ. ಇದು ನಡೆಯುವುದು ಸಾಮಾನ್ಯವಾಗಿ ಸೋಂಕು ತಗಲಿದ ಒಂದರಿಂದ ಮೂರು ವಾರಗಳ ಬಳಿಕ. ಅಷ್ಟರಲ್ಲಿ ಭೇದಿಯನ್ನು ಮರೆತೇ ಬಿಟ್ಟಿರುತ್ತೇವೆ. ಆ್ಯಂಟಿಬಯೋಟಿಕ್ ಕೊಟ್ಟು ಜಿಬಿಎಸ್ ಗುಣಪಡಿಸಲಾಗದಿರುವುದೂ ಇದಕ್ಕೇ.

ಭೇದಿಯಾದವರೆಲ್ಲ ಹೆದರಬೇಕಿಲ್ಲ. ಈ ಬ್ಯಾಕ್ಟೀರಿಯಾ ತಗಲಿದವರಲ್ಲಿ ಸುಮಾರು ಸಾವಿರಕ್ಕೆ ಒಬ್ಬರಿಗೆ ಮಾತ್ರ ಹೀಗಾಗುತ್ತದೆ. ಜಿಬಿಎಸ್ ಅಂಟುರೋಗವೂ ಅಲ್ಲ. ರೋಗಿಯನ್ನು ನೋಡಲು ಹೋಗುವವರು ಹಿಂಜರಿಯಬೇಕಾಗಿಲ್ಲ.

ಆದರೆ ಲಕ್ಷಣ ಗೊತ್ತಿರಬೇಕು. ಪಾದಗಳಲ್ಲಿ ಜುಮುಜುಮು, ನಂತರ ಎರಡೂ ಕಾಲುಗಳಲ್ಲಿ ನಿಶ್ಶಕ್ತಿ. ಮೆಟ್ಟಿಲು ಹತ್ತಲಾಗದು, ಕುಳಿತವರಿಗೆ ಏಳಲಾಗದು. ಲಕ್ವದಲ್ಲಿ ಸಾಮಾನ್ಯವಾಗಿ ಒಂದು ಪಕ್ಕ ಬಿದ್ದುಹೋಗುತ್ತದೆ. ಇಲ್ಲಿ ಎರಡೂ ಪಕ್ಕ ಸೋತು, ದುರ್ಬಲತೆ ಮೇಲಕ್ಕೆ ಏರುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ‘ವಾಯು’ ಎಂದು ಹೆಸರಿಟ್ಟು ಎಣ್ಣೆ ತಿಕ್ಕುತ್ತಾ ನಾಲ್ಕು ದಿನ ಕಳೆಯುವುದಿದೆ. ಆ ನಾಲ್ಕು ದಿನಗಳಲ್ಲಿ ಅದು ಎದೆಯ ಸ್ನಾಯುಗಳನ್ನು ತಲುಪಿ ಉಸಿರನ್ನೇ ಕಟ್ಟಬಹುದು. ನುಂಗಲು ಕಷ್ಟ, ಮಾತು ತೊದಲುವುದು, ಏದುಸಿರು ಕಂಡರೆ ಬೆಳಗಾಗುವವರೆಗೂ ಕಾಯಬಾರದು. ಐಸಿಯು ಇರುವ ಆಸ್ಪತ್ರೆಗೇ ಒಯ್ಯಬೇಕು.

ಚಿಕಿತ್ಸೆ ಎರಡು ಬಗೆ: ದಾನಿಗಳ ರಕ್ತದಿಂದ ಪಡೆದ ಇಮ್ಯುನೊಗ್ಲಾಬ್ಯುಲಿನ್ ಅನ್ನು ರಕ್ತನಾಳಕ್ಕೆ ಕೊಡುವುದು, ಇಲ್ಲವೇ ಪ್ಲಾಸ್ಮಾ ಬದಲಿಸುವುದು. ಎರಡೂ ದುಬಾರಿ, ಫಲ ಹೆಚ್ಚುಕಡಿಮೆ ಒಂದೇ. ಮೊದಲ ಎರಡು ವಾರಗಳೊಳಗೆ ಆರಂಭಿಸಿದರೆ ಪ್ರಯೋಜನ ಹೆಚ್ಚು. ಸ್ಟೀರಾಯ್ಡ್ ಮಾತ್ರೆಯಿಂದ ಉಪಯೋಗವಿಲ್ಲ. ಕೆಲವರು ಸಾಯುತ್ತಾರೆಂಬುದು ನಿಜ, ಆದರೆ ಬಹುಪಾಲು ಜನ ಆರು ತಿಂಗಳೊಳಗೆ ಮತ್ತೆ ನಡೆಯುತ್ತಾರೆ. ಫಿಸಿಯೋಥೆರಪಿ ಮತ್ತು ಮನೆಯವರ ತಾಳ್ಮೆ, ಎರಡೂ ಬೇಕು.

ಇನ್ನು ಅಡುಗೆಮನೆ. ಈ ಬ್ಯಾಕ್ಟೀರಿಯಾ ಕೋಳಿಯ ಕರುಳಿನಲ್ಲಿ ಸಾಮಾನ್ಯ. ಕೋಳಿಗೆ ಅದರಿಂದ ಕಾಯಿಲೆ ಬರಬೇಕೆಂದಿಲ್ಲ. ಚೆನ್ನಾಗಿ ಬೆಂದ ಮಾಂಸದಲ್ಲಿ ಅದು ಉಳಿಯದು. ಅಪಾಯವಿರುವುದು ಹಸಿ ಕೋಳಿ ಕತ್ತರಿಸಿದ ಚಾಕುವಿನಿಂದಲೇ ಈರುಳ್ಳಿ-ಸೌತೆಕಾಯಿ ಹೆಚ್ಚುವುದರಲ್ಲಿ, ಮದುವೆಯ ಗಡಿಬಿಡಿಯಲ್ಲಿ ಒಳಗೆ ಕೆಂಪು ಉಳಿದ ಕಬಾಬಿನಲ್ಲಿ. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಹನಿಗಳು ಸುತ್ತಲಿನ ಪಾತ್ರೆಗಳಿಗೆ ಸಿಡಿಯುತ್ತವೆ. ತೊಳೆಯಲೇಬೇಕೆನ್ನುವವರು ಆಳದ ಪಾತ್ರೆಯಲ್ಲಿ ಮೆಲ್ಲಗೆ ತೊಳೆದು, ಕೈಗೂ ಸಿಂಕಿಗೂ ಸೋಪು ಹಾಕಲಿ. ಹಸಿ ಹಾಲು ಬೇಡ, ಬಾವಿಯ ನೀರನ್ನು ಕುದಿಸಿ ಕುಡಿಯಿರಿ.

ಹದಿನೈದು ವರ್ಷದೊಳಗಿನ ಮಗುವಿಗೆ ಹೀಗೆ ಹಠಾತ್ತನೆ ಕೈಕಾಲು ಸೋತರೆ ಆರೋಗ್ಯ ಇಲಾಖೆಯವರು ಮಲದ ಮಾದರಿ ಕೇಳುತ್ತಾರೆ. ಅದು ಪೋಲಿಯೋ ಅಲ್ಲವೆಂದು ಖಚಿತಪಡಿಸಿಕೊಳ್ಳಲು, ಗಾಬರಿಯಾಗದೆ ಕೊಡಿ.