ನಿಮಗಿದು ಗೊತ್ತೆ? ನೂಲಿನೊಳಗೆ ನೂಲು ಅಡಗಿಸುವ ಕ್ರೋಶಾ

ಟ್ಯಾಪೆಸ್ಟ್ರಿ ಕ್ರೋಶಾಕ್ಕೆ ಬೇಕಾದ್ದು ಒಂದೇ ಕಡ್ಡಿ, ಎರಡು ಬಣ್ಣದ ನೂಲು. ಸದ್ಯಕ್ಕೆ ಬೇಡದ ಬಣ್ಣವನ್ನು ಕತ್ತರಿಸದೆ, ಹಿಂಬದಿ ಜೋತಾಡಲೂ ಬಿಡದೆ ಹೊಲಿಗೆಗಳ ಒಳಗೇ ಸಾಗಿಸುತ್ತಾರೆ. ಹಾಗಾಗಿ ಹೆಣಿಗೆ ದಪ್ಪ, ಬಿಗಿ, ಚೀಲಕ್ಕೆ ಹೇಳಿಮಾಡಿಸಿದ್ದು. ಕೊಲಂಬಿಯಾದ ವಾಯೂ ಬುಡಕಟ್ಟಿನ ಹೆಂಗಸರು ಹೀಗೆ ಹೆಣೆಯುವ ಮೊಚಿಲಾ ಚೀಲಗಳು ಲೋಕಪ್ರಸಿದ್ಧ.

ಹೊಸಬರು ಎಡವುವುದು ಬಣ್ಣ ಬದಲಿಸುವಾಗ. ಹಿಂದಿನ ಹೊಲಿಗೆಯ ಕೊನೆಯ ಎಳೆತದಲ್ಲೇ ಹೊಸ ಬಣ್ಣ ಹಿಡಿಯಬೇಕು; ತಡವಾದರೆ ಅಂಚು ಕಲಸಿಹೋಗುತ್ತದೆ. ಸುತ್ತಾಗಿ ಹೆಣೆದರೆ ಬಲಗೈಯವರ ಚಿತ್ತಾರ ತುಸು ಬಲಕ್ಕೆ ವಾಲುತ್ತದೆ. ಗಾಬರಿ ಬೇಡ, ಆ ಹೊಲಿಗೆಯ ಗುಣವೇ ಹಾಗೆ.

ಮಾದರಿಗೆ ಚೌಕಳಿ ಹಾಳೆ ಸಾಕು: ಒಂದು ಚೌಕಕ್ಕೆ ಒಂದು ಹೊಲಿಗೆ. ಧಾರವಾಡದ ಕಸೂತಿಯ ಗೋಪುರ, ತೇರುಗಳನ್ನೂ ಚೌಕಕ್ಕೆ ಹೊಂದಿಸಿಕೊಳ್ಳಬಹುದು. (ಎಳೆ ಎಣಿಸಿ ಕಸೂತಿ ಹಾಕುವವರಿಗೆ ಇದು ಬೇಗ ಒಲಿದೀತು!)

ಆಂಧ್ರಕ್ಕೂ ಕ್ರೋಶಾ ಹೊಸದೇನಲ್ಲ. ಗೋದಾವರಿ ಸೀಮೆಯ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆತಿದೆ.

ನಮ್ಮ ಬಿಸಿಲಿಗೆ ಉಣ್ಣೆ ಬೇಡ. ಹತ್ತಿ ನೂಲಿನಿಂದಲೇ ಶುರುಮಾಡಿ.