ಹೊಸ ಕಾರಿನ ಮೊದಲ ಸಾವಿರ ಕಿಲೋಮೀಟರು

ಯುಗಾದಿ, ದಸರೆ, ದೀಪಾವಳಿಯ ಬಲಿಪಾಡ್ಯಮಿ ಬಂದವೆಂದರೆ ಉಮರಗಾ, ನಿಲಂಗಾ, ಉದಗೀರದ ಕಡೆಯ ನಮ್ಮ ಮನೆಗಳ ಅಂಗಳಕ್ಕೆ ಹೊಸ ವಾಹನಗಳು ಬರುವುದುಂಟು. ಸೋಯಾಬೀನು ಹಾಗೂ ತೊಗರಿ ಮಾರಿ ಬಂದ ಹಣಕ್ಕೆ ಬ್ಯಾಂಕಿನ ಸಾಲವನ್ನು ಕೂಡಿಸಿ ಕೊಂಡ ಕಾರದು. ಗಾಲಿಯ ಕೆಳಗೆ ನಿಂಬೆಹಣ್ಣಿಡುತ್ತಾರೆ, ಬಾನೆಟ್ಟಿನ ಮೇಲೆ ಕುಂಕುಮ ಹಚ್ಚುತ್ತಾರೆ, ನೆರೆಹೊರೆಯವರಿಗೆ ಪೇಢೆ ಹಂಚುತ್ತಾರೆ. ಮರುದಿನ ಬೆಳಗಾಗುವುದರೊಳಗೆ ಮನೆಯ ಏಳೆಂಟು ಜನ ಅದರೊಳಗೆ ಕುಳಿತು ತುಳಜಾಪುರಕ್ಕೋ ಬಸವಕಲ್ಯಾಣಕ್ಕೋ ಹೊರಟುಬಿಡುತ್ತಾರೆ. ದೇವರ ದರ್ಶನಕ್ಕೆ ಹೋಗುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಆ ಪ್ರಯಾಣದಲ್ಲಿ ಎಂಜಿನ್ನಿನ ಒಳಗೆ ಏನು ನಡೆಯುತ್ತಿರುತ್ತದೆ ಎಂಬುದನ್ನು ಬಲ್ಲವರು ಹೊರಡುವ ರೀತಿಯನ್ನು ಸ್ವಲ್ಪ ಬದಲಿಸಿಯಾರು.

ಹಿಂದಿನವರಿಗೆ ಈ ತಿಳಿವಳಿಕೆ ಇತ್ತು. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಹಣ ಕಟ್ಟಿದವರು ವರ್ಷಗಟ್ಟಲೆ ಸರದಿ ಕಾಯಬೇಕಾಗಿತ್ತು. ಅಷ್ಟು ಕಾಯ್ದು ಪಡೆದ ವಾಹನದ ಹಿಂಬದಿಯ ಗಾಜಿನ ಮೇಲೆ ‘ರನ್ನಿಂಗ್ ಇನ್’ ಎಂಬ ಚೀಟಿಯನ್ನು ಅಂಟಿಸಿ, ಹಿಂದೆ ಬರುವವರಿಗೆ ‘ದಾಟಿ ಹೋಗಿರಪ್ಪಾ, ನಮ್ಮದಿನ್ನೂ ಹೊಸದು’ ಎಂದು ಹೇಳಿಕೊಂಡೇ ತಿರುಗುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕಾರು ಸಾಮಾನ್ಯ ಸಂಸಾರಗಳಿಗೂ ಎಟುಕತೊಡಗಿತು. ಕ್ರಮೇಣ ಆ ಚೀಟಿ ಮಾಯವಾಯಿತು. ಚೀಟಿಯೊಂದಿಗೆ ಅದರ ಹಿಂದಿದ್ದ ತಿಳಿವಳಿಕೆಯೂ ಮಾಸಿ, ಈಗ ಎರಡು ಮಾತುಗಳು ಚಾಲ್ತಿಯಲ್ಲಿವೆ. ‘ಈಗಿನ ಎಂಜಿನ್ನಿಗೆ ಅದೇನೂ ಬೇಕಾಗಿಲ್ಲ, ಹೊಡೆಯಿರಿ’ ಎಂಬುದು ಒಂದು. ‘ನಲವತ್ತರ ಮೇಲೆ ಹೋಗಲೇಬೇಡಿ, ಎಂಜಿನ್ ಹೋಗಿಬಿಡುತ್ತದೆ’ ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯಗಳೆ.

ಕಾರಣವನ್ನು ತಿಳಿಯಲು ಸಿಲಿಂಡರಿನ ಒಳಗೆ ಇಣುಕಬೇಕು. ಪಿಸ್ಟನ್ನಿನ ಸುತ್ತ ಸಾಮಾನ್ಯವಾಗಿ ಮೂರು ಉಂಗುರಗಳಿರುತ್ತವೆ. ಮೇಲಿನ ಎರಡು, ಉರಿದ ಅನಿಲದ ಒತ್ತಡವು ಕೆಳಗೆ ಸೋರಿಹೋಗದಂತೆ ತಡೆಯುತ್ತವೆ. ಕೆಳಗಿನದು ಗೋಡೆಗೆ ಅಂಟಿದ ಹೆಚ್ಚಿನ ಆಯಿಲನ್ನು ಕೆರೆದು ಕೆಳಕ್ಕೆ ಇಳಿಸುತ್ತದೆ. ಸಿಲಿಂಡರಿನ ಗೋಡೆ ಕನ್ನಡಿಯಂತೆ ನುಣುಪಾಗಿರುತ್ತದೆ ಎಂದು ನಾವು ಭಾವಿಸಬಹುದು. ವಾಸ್ತವದಲ್ಲಿ ಕಾರ್ಖಾನೆಯವರು ಬೇಕೆಂದೇ ಅದರ ಮೇಲೆ ಒಂದನ್ನೊಂದು ಅಡ್ಡ ಹಾಯುವ ಅತಿ ಸೂಕ್ಷ್ಮ ಗೀರುಗಳನ್ನು ಮೂಡಿಸಿರುತ್ತಾರೆ. ಇದಕ್ಕೆ ಹೋನಿಂಗ್ ಎಂದು ಹೆಸರು. ಆ ಗೀರುಗಳ ಆಳವನ್ನು ಅಳೆಯುವುದು ಮೈಕ್ರಾನ್ ಲೆಕ್ಕದಲ್ಲಿ, ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ. ಗೀರಿನ ತಗ್ಗಿನಲ್ಲಿ ಆಯಿಲು ನಿಲ್ಲುತ್ತದೆ. ಗೀರಿನ ದಿಬ್ಬಗಳು ಉಂಗುರದ ಅಂಚಿಗೆ ತಾಗಿ ಸವೆಯುತ್ತವೆ. ಹೀಗೆ ಉಂಗುರವೂ ಗೋಡೆಯೂ ಒಂದನ್ನೊಂದು ಸ್ವಲ್ಪ ಸ್ವಲ್ಪವಾಗಿ ಉಜ್ಜಿಕೊಂಡು ಜೋಡಿಯಾಗುತ್ತವೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ನು ಅಷ್ಟರೊಳಗೆ ಮೂರು ಸಾವಿರ ಬಾರಿ ಮೇಲೇರಿ ಮೂರು ಸಾವಿರ ಬಾರಿ ಕೆಳಗಿಳಿದಿರುತ್ತದೆ. ಈ ಜೋಡಣೆಯ ಬಹುಭಾಗ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿಯೇ ಮುಗಿದುಹೋಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಉಂಗುರವು ಗೋಡೆಗೆ ಒತ್ತಿಕೊಳ್ಳುವುದು ತನ್ನ ಸ್ವಂತ ಬಿಗುವಿನಿಂದ ಮಾತ್ರವಲ್ಲ. ಉರಿದ ಅನಿಲವು ಉಂಗುರದ ಹಿಂಬದಿಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಎಂಜಿನ್ನಿಗೆ ಕೆಲಸವೇ ಇಲ್ಲದಿದ್ದರೆ ಆ ಒತ್ತಡವೂ ಸಾಲದು. ಆಗ ಉಂಗುರ ಸರಿಯಾಗಿ ಒತ್ತಿಕೊಳ್ಳದೆ, ಗೋಡೆಯ ಮೇಲುಳಿದ ಆಯಿಲು ಶಾಖಕ್ಕೆ ಸುಟ್ಟು ಗಾಜಿನಂತಹ ಗಟ್ಟಿ ಪದರವಾಗುತ್ತದೆ, ಗೀರುಗಳು ಮುಚ್ಚಿಹೋಗುತ್ತವೆ. ಒಮ್ಮೆ ಹಾಗಾದ ಮೇಲೆ ಉಂಗುರ ಎಷ್ಟು ದೂರ ಓಡಿದರೂ ಚೆನ್ನಾಗಿ ಕೂಡುವುದಿಲ್ಲ, ಕಾರು ಆಯಿಲು ಕುಡಿಯುವ ಚಟವನ್ನು ಬಿಡುವುದಿಲ್ಲ. ಇನ್ನು ಮೊದಲ ದಿನವೇ ಎಕ್ಸಲೇಟರನ್ನು ಪೂರ್ತಿ ತುಳಿದು ಓಡಿಸಿದರೆ, ಇನ್ನೂ ಹೊಂದಿಕೊಳ್ಳದ ಭಾಗಗಳ ನಡುವೆ ಶಾಖ ಏರಿ, ಉಜ್ಜಿಕೊಳ್ಳಬೇಕಾದವು ಒಂದನ್ನೊಂದು ಕೆರೆದುಕೊಳ್ಳುತ್ತವೆ. ಆದ್ದರಿಂದ ಹೊಸ ಎಂಜಿನ್ನಿಗೆ ವಿಶ್ರಾಂತಿಯೂ ಬೇಡ, ದಂಡನೆಯೂ ಬೇಡ. ಏರಿಳಿತವುಳ್ಳ ಹದವಾದ ದುಡಿಮೆ ಬೇಕು.

ಇದು ನಮ್ಮ ನಾಡಿನ ರೈತರಿಗೆ ಹೊಸ ವಿದ್ಯೆಯಲ್ಲ. ನಿಲಂಗಾದಿಂದ ಉದಗೀರಕ್ಕೆ ಹೋಗುವ ಕಡೆಗಿರುವ ದೇವಣಿಯ ಹೆಸರನ್ನೇ ಹೊತ್ತ ದೇವಣಿ ತಳಿಯ ಎತ್ತುಗಳನ್ನು ಅರಿಯದ ಒಕ್ಕಲಿಗ ಈ ಸೀಮೆಯಲ್ಲಿಲ್ಲ. ಹೋರಿಯನ್ನು ಪಳಗಿಸುವವರು ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿ ಮೇಯಿಸಿದ ಮಾತ್ರಕ್ಕೆ ಅದು ನೊಗ ಕಲಿಯುವುದಿಲ್ಲ; ಮೊದಲ ದಿನವೇ ಎರೆಹೊಲದ ಆಳವಾದ ನೇಗಿಲಿಗೆ ಹೂಡಿದರೆ ಹೆಗಲು ಹುಣ್ಣಾಗುತ್ತದೆ. ಪಳಗಿದ ಎತ್ತಿನ ಜೊತೆಗೆ ಹೂಡಿ, ಬರಿಯ ಬಂಡಿಯನ್ನು ಎಳೆಸಿ, ಅನಂತರ ಹಗುರ ಹೇರು, ಮತ್ತೆ ಸ್ವಲ್ಪ ಹೆಚ್ಚು ಎಂದು ಏರಿಸುತ್ತ ಹೋಗುವುದು ರೂಢಿ. ಎಂಜಿನ್ನಿನ ಕೈಪಿಡಿ ಬರೆದವರು ಹೋರಿಯನ್ನು ಕಂಡಿರಲಾರರು, ಆದರೂ ಅವರು ಹೇಳುವುದು ಇದನ್ನೇ.

ನಮ್ಮ ಕಡೆಯ ರಸ್ತೆಗಳಲ್ಲಿ ಇದನ್ನು ನಡೆಸುವುದು ಹೇಗೆ? ಉಮರಗಾದವರಿಗೆ ಮನೆಯ ಬಾಗಿಲಿಗೇ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಇದೆ. ಹಿಂದೆ ಒಂಬತ್ತನೆಯ ನಂಬರಿನದು ಎನ್ನುತ್ತಿದ್ದರು, ಈಗ ಅದರ ಸಂಖ್ಯೆ 65. ಹೊಸ ಕಾರನ್ನು ನೇರವಾಗಿ ಈ ಹೆದ್ದಾರಿಗೆ ಹತ್ತಿಸಿ, ಐದನೆಯ ಗೇರಿನಲ್ಲಿ ಒಂದೇ ವೇಗ ಹಿಡಿದು ಎರಡು ಮೂರು ಗಂಟೆ ಓಡಿಸುವುದು ಸುಖವೆನಿಸುತ್ತದೆ; ಎಂಜಿನ್ನಿನ ದೃಷ್ಟಿಯಿಂದ ಅಷ್ಟು ಹಿತವಲ್ಲ. ಒಂದೇ ವೇಗದಲ್ಲಿ ಓಡಿದಾಗ ಉಂಗುರದ ಮೇಲಿನ ಒತ್ತಡವೂ ಒಂದೇ ತೆರನಾಗಿರುತ್ತದೆ. ಅದಕ್ಕಿಂತ ಉಮರಗಾದಿಂದ ಕಾಸಾರ ಸಿರಸಿಯ ಮೇಲೆ ನಿಲಂಗಾಕ್ಕೆ, ಅಲ್ಲಿಂದ ದೇವಣಿಯ ಕಡೆಯಿಂದ ಉದಗೀರಕ್ಕೆ ಹೋಗುವ ದಾರಿ ಮೇಲು. ತೇರಣೆಯನ್ನೂ ಮಾಂಜರೆಯನ್ನೂ ದಾಟುವಾಗ ಇಳಿದು ಏರಬೇಕು. ಊರು ಬಂದಲ್ಲಿ ನಿಧಾನಿಸಬೇಕು, ಊರು ದಾಟಿದ ಮೇಲೆ ಮತ್ತೆ ವೇಗ ಹಿಡಿಯಬೇಕು. ಎಲ್ಲ ಗೇರುಗಳಿಗೂ ಕೆಲಸ ಬೀಳುತ್ತದೆ. ಏರಿನಲ್ಲಿ ಹದವಾಗಿ ತುಳಿದು, ಇಳಿಜಾರಿನಲ್ಲಿ ಗೇರಿನಲ್ಲಿಯೇ ಇದ್ದು ಪಾದವನ್ನು ತೆಗೆದರೆ ಉಂಗುರಗಳಿಗೆ ಬೇಕಾದ ಏರಿಳಿತ ತಾನಾಗಿ ದೊರೆಯುತ್ತದೆ. ಇಳಿಜಾರಿನಲ್ಲಿ ಪೆಟ್ರೋಲು ಉಳಿಸುವೆನೆಂದು ಗೇರನ್ನು ನ್ಯೂಟ್ರಲ್ಲಿಗೆ ತರುವುದು ಹೊಸ ಕಾರಿಗೂ ಸಲ್ಲದು, ಹಳೆಯದಕ್ಕೂ ಸಲ್ಲದು. ಅದರಿಂದ ಬ್ರೇಕಿನ ಮೇಲೆಯೇ ಎಲ್ಲ ಭಾರ ಬೀಳುತ್ತದೆ.

ಉದಗೀರ, ನಿಲಂಗಾಗಳು 1956ರವರೆಗೆ ಬೀದರ ಜಿಲ್ಲೆಯವೇ ಆಗಿದ್ದವು. ಗಡಿ ನಡುವೆ ಬಂದರೂ ಬೀಗತನ ನಿಂತಿಲ್ಲ. ಮಗಳನ್ನು ಭಾಲ್ಕಿಗೋ ಬೀದರಕ್ಕೋ ಕೊಟ್ಟಿರುತ್ತೇವೆ, ಹೊಸ ಕಾರಿನಲ್ಲಿ ಬೀಗರ ಮನೆಗೆ ಹೋಗದಿದ್ದರೆ ನಡೆಯುವುದಿಲ್ಲ. ಅವಶ್ಯವಾಗಿ ಹೋಗಬೇಕು. ಮೊದಲ ಸಾವಿರ ಕಿಲೋಮೀಟರು ಮುಗಿಯುವವರೆಗೆ ಐವರ ಗಾಡಿಯಲ್ಲಿ ಎಂಟು ಜನ ಕೂಡುವುದು ಬೇಡ, ಡಿಕ್ಕಿಯಲ್ಲಿ ಜೋಳದ ಚೀಲ ಹೇರುವುದು ಬೇಡ ಎಂಬುದಷ್ಟೇ ವಿನಂತಿ. ಬೆಳಗಿನ ತಂಪಿನಲ್ಲಿ ಹೊರಟರೆ ಇನ್ನೂ ಒಳ್ಳೆಯದು. ಬೇಸಿಗೆಯ ಮಧ್ಯಾಹ್ನ ಮರಾಠವಾಡೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಏ.ಸಿ.ಯ ಹೊರೆಯೂ ಎಂಜಿನ್ನಿನ ಮೇಲೆಯೇ ಬೀಳುವಂಥದು. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು ದಾರಿಯುದ್ದಕ್ಕೂ ಎದುರಾಗುತ್ತವೆ. ಅವನ್ನು ದಾಟಲು ಪೂರ್ತಿ ಬಲ ಬೇಕಾದರೆ ಬಳಸಲೇಬೇಕು. ಆಗ ಎಂಜಿನ್ನಿನ ಮರ್ಯಾದೆಯನ್ನು ನೋಡುತ್ತ ಎದುರಿನ ಲಾರಿಗೆ ಸಿಕ್ಕಿಕೊಳ್ಳಬಾರದು. ಕ್ಷಣಕಾಲದ ಶ್ರಮದಿಂದ ಎಂಜಿನ್ ಕೆಡುವುದಿಲ್ಲ.

ವೇಗದ ಮಿತಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ವೇಗಕ್ಕಿಂತ ಎಂಜಿನ್ನಿನ ಸುತ್ತನ್ನು ನೋಡುವುದು ಯುಕ್ತ. ನಾಲ್ಕನೆಯ ಗೇರಿನಲ್ಲಿ 30ರ ವೇಗದಲ್ಲಿ ಗೊಗ್ಗರು ದನಿಯಲ್ಲಿ ನರಳುತ್ತ ಹೋಗುವ ಕಾರನ್ನು ಕಂಡು ‘ಎಷ್ಟು ಜೋಪಾನವಾಗಿ ಓಡಿಸುತ್ತಾನೆ’ ಎಂದು ಮೆಚ್ಚುವವರಿದ್ದಾರೆ. ಅದು ಜೋಪಾನವಲ್ಲ, ಎಳೆಯಲಾಗದ ಗೇರಿನಲ್ಲಿ ಎಳೆಸುವುದರಿಂದ ಬೇರಿಂಗುಗಳಿಗೆ ಪೆಟ್ಟು ಬೀಳುತ್ತದೆ. ಗೇರನ್ನು ಇಳಿಸಿ, ಎಂಜಿನ್ನು ಸಲೀಸಾಗಿ ತಿರುಗುವಂತೆ ಬಿಡಬೇಕು. ಮೇಲಿನ ಮಿತಿ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ ಕಾರಿನ ಮುಂದಿನ ಖಾನೆಯಲ್ಲಿಟ್ಟಿರುವ ಕೈಪಿಡಿಯನ್ನೇ ಪ್ರಮಾಣವೆಂದು ತಿಳಿಯಬೇಕು. ಅದು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇದ್ದೀತು. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರಲ್ಲ, ಅವರಿಂದ ಓದಿಸಿ ಕನ್ನಡದಲ್ಲಿ ಹೇಳಿಸಿಕೊಂಡರಾಯಿತು. ಮಕ್ಕಳಿಗೂ ಒಂದು ಪಾಠವಾಗುತ್ತದೆ, ಮನೆಯ ಹೆಣ್ಣುಮಕ್ಕಳಿಗೂ ಗಾಡಿಯ ವಿಷಯ ತಿಳಿಯುತ್ತದೆ.

ಬ್ರೇಕು ಮತ್ತು ಟಾಯರುಗಳಿಗೂ ಹೊಂದಿಕೊಳ್ಳಲು ಸಮಯ ಬೇಕು. ಹೊಸ ಟಾಯರಿನ ಮೇಲ್ಮೈ ನುಣುಪಾಗಿರುತ್ತದೆ, ಹೊಸ ಬ್ರೇಕು ಪೂರ್ತಿ ಹಿಡಿಯುವುದಿಲ್ಲ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರು ಮುಂದಿನ ವಾಹನದಿಂದ ದೂರವನ್ನು ಕಾಯ್ದುಕೊಂಡು ಹೋಗುವುದು ಕ್ಷೇಮ.

ಬೆಳಿಗ್ಗೆ ಎದ್ದು ಗಾಡಿಯನ್ನು ಚಾಲೂ ಮಾಡಿ, ಸ್ನಾನ ಪೂಜೆ ಮುಗಿಯುವವರೆಗೆ ಅಂಗಳದಲ್ಲಿಯೇ ಗುರುಗುಟ್ಟಿಸುವ ಪದ್ಧತಿ ಇನ್ನೂ ಕೆಲವೆಡೆ ಇದೆ. ಈಗಿನ ಎಂಜಿನ್ನುಗಳಿಗೆ ಅರ್ಧ ಒಂದು ನಿಮಿಷ ಸಾಕು. ಅನಂತರ ಮೆಲ್ಲಗೆ ಹೊರಟು, ಎಂಜಿನ್ನು ಕಾಯ್ದ ಮೇಲೆ ವೇಗ ಹೆಚ್ಚಿಸಬಹುದು. ನಿಂತಲ್ಲಿಯೇ ಕಾಯಿಸುವುದರಿಂದ ಪೆಟ್ರೋಲು ಹಾಳು, ಉಂಗುರಕ್ಕೂ ಲಾಭವಿಲ್ಲ.

ಆಯಿಲಿನ ವಿಷಯದಲ್ಲಿ ಹಿಂದಿನ ಮಾತು ಬೇರೆ, ಇಂದಿನದು ಬೇರೆ. ಹಿಂದೆ ಮೊದಲ ಐನೂರು ಸಾವಿರಕ್ಕೇ ಆಯಿಲನ್ನು ಇಳಿಸಿ ಹೊಸದನ್ನು ಹಾಕಿಸುತ್ತಿದ್ದರು. ಸವೆದ ಲೋಹದ ಕಣಗಳು ಅದರಲ್ಲಿ ಸೇರಿರುತ್ತವೆ ಎಂಬುದೇ ಕಾರಣ. ಇಂದು ಕಾರ್ಖಾನೆಯ ಕೆಲಸ ಬಹಳ ನಯವಾಗಿದೆ, ಫಿಲ್ಟರುಗಳೂ ಸುಧಾರಿಸಿವೆ. ಮೊದಲ ಆಯಿಲನ್ನು ಅವಧಿಗೆ ಮುನ್ನ ತೆಗೆಯಬಾರದೆಂದು ಹೇಳುವ ಕಂಪನಿಗಳೂ ಇವೆ. ಇಲ್ಲಿಯೂ ಕೈಪಿಡಿಯ ಮಾತೇ ಕೊನೆಯದು. ಆದರೆ ಆಯಿಲಿನ ಗೇಜು ಕಡ್ಡಿಯನ್ನು ನೋಡುವ ಕೆಲಸವನ್ನು ಯಾರಿಗೂ ಬಿಟ್ಟುಕೊಡಬಾರದು. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿದ ಮೇಲೆ ಕಡ್ಡಿಯನ್ನು ಒರೆಸಿ ಅದ್ದಿ ನೋಡಿ, ಒಂದು ವಹಿಯಲ್ಲಿ ಕಿಲೋಮೀಟರಿನೊಂದಿಗೆ ಬರೆದಿಡಿ. ಆರಂಭದಲ್ಲಿ ಸ್ವಲ್ಪ ಇಳಿಯುವುದು ಸಹಜ. ಬರಬರುತ್ತ ಇಳಿತ ಕಡಿಮೆಯಾಗಬೇಕು. ಚಳಿಗಾಲದ ಮುಂಜಾನೆ ಸೈಲೆನ್ಸರಿನಿಂದ ಬರುವ ಬಿಳಿಯ ಹೊಗೆ ನೀರಿನ ಆವಿ, ಹೆದರಬೇಕಾಗಿಲ್ಲ. ಎಂಜಿನ್ ಕಾಯ್ದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲು ಉರಿಯುತ್ತಿದೆ ಎಂದರ್ಥ. ವಾರಂಟಿಯ ಅವಧಿಯಲ್ಲಿಯೇ ಬರೆದು ಕೊಟ್ಟು ರಸೀದಿ ಪಡೆಯಬೇಕು. ಇನ್ನು ಮೈಲೇಜನ್ನು ಮೊದಲ ಟ್ಯಾಂಕಿಗೇ ಲೆಕ್ಕ ಹಾಕಿ ಕೊರಗುವವರು ಕೆಲವು ಸಾವಿರ ಕಿಲೋಮೀಟರು ತಾಳಿಕೊಳ್ಳಲಿ.

ಇಷ್ಟು ಹೇಳಿದ್ದೆಲ್ಲ ಕಾರ್ಖಾನೆಯಿಂದ ಬಂದ ಹೊಸ ಗಾಡಿಯ ಮಾತಾಯಿತು. ನಮ್ಮಲ್ಲಿ ಹೆಚ್ಚಿನ ಮನೆಗಳ ಎಂಜಿನ್ನು ಹೊಸದಾಗುವುದು ಷೋರೂಮಿನಲ್ಲಲ್ಲ, ಮಿಸ್ತ್ರಿಯ ಗ್ಯಾರೇಜಿನಲ್ಲಿ. ಹಳೆಯ ಜೀಪಿಗೋ ಟ್ರ್ಯಾಕ್ಟರಿಗೋ ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ಉಂಗುರ ಹಾಕಿಸಲು ಸಾಲ ಮಾಡಿದ ರೈತನಿಗೆ ಎರಡನೆಯ ಬಾರಿ ಅದೇ ಖರ್ಚು ತಾಳುವಂಥದಲ್ಲ. ಬಿತ್ತುವ ಹದ ತಪ್ಪಿದರೆ ಆ ವರ್ಷದ ಬೆಳೆಯೇ ಕೈಬಿಡುತ್ತದೆ. ಗ್ಯಾರೇಜಿನ ಬೋರಿಂಗು ಕಾರ್ಖಾನೆಯಷ್ಟು ಸೂಕ್ಷ್ಮವಾಗಿರಲಾರದಾದ್ದರಿಂದ ಅಂಥ ಎಂಜಿನ್ನಿಗೆ ಪಳಗಿಸುವಿಕೆ ಹೊಸ ಕಾರಿಗಿಂತಲೂ ಹೆಚ್ಚು ಅವಶ್ಯ. ಆದರೆ ಇಲ್ಲಿಯೇ ಹಾನಿಕರವಾದ ರೂಢಿಯೊಂದು ಬೇರೂರಿದೆ. ಎಂಜಿನ್ ಕಟ್ಟಿದ ಮೇಲೆ ‘ಇಡೀ ದಿನ ನಿಂತಲ್ಲೇ ಚಾಲೂ ಇಡಿ, ಸೆಟ್ ಆಗುತ್ತದೆ’ ಎಂದು ಹೇಳುವ ಮಿಸ್ತ್ರಿಗಳಿದ್ದಾರೆ. ಡೀಸೆಲ್ ಎಂಜಿನ್ನಿಗಂತೂ ಹೊರೆಯಿಲ್ಲದೆ ತಾಸುಗಟ್ಟಲೆ ತಿರುಗುವುದೇ ಗೋಡೆಯ ಮೇಲೆ ಗಾಜಿನ ಪದರ ಕಟ್ಟಲು ಮುಖ್ಯ ಕಾರಣ. ಆಯಿಲಿನ ಒತ್ತಡ, ನೀರಿನ ಸೋರಿಕೆ, ವಾಲ್ವಿನ ಸದ್ದು ಇವನ್ನು ನೋಡಲು ಬೇಕಾದಷ್ಟು ಹೊತ್ತು ಮಾತ್ರ ನಿಲ್ಲಿಸಿ ಓಡಿಸಬೇಕು. ಅನಂತರ ಹಗುರ ಕೆಲಸಕ್ಕೆ ಹೂಡಬೇಕು. ಖಾಲಿ ಟ್ರಾಲಿ, ಆಮೇಲೆ ಅರ್ಧ ಹೇರು, ಸಡಿಲ ನೆಲದಲ್ಲಿ ಕುಂಟೆ. ನೇಗಿಲನ್ನು ಕೊನೆಗೆ ಇಡಬೇಕು. ಟ್ರ್ಯಾಕ್ಟರಿನ ಲೆಕ್ಕ ಕಿಲೋಮೀಟರಿನದಲ್ಲ, ತಾಸಿನದು. ಸಾಮಾನ್ಯವಾಗಿ ಮೊದಲ 50 ತಾಸನ್ನು ಈ ರೀತಿ ಕಳೆಯಬೇಕು.

ಐವತ್ತು ತಾಸಿನ ಮೇಲೆ ಆಯಿಲನ್ನೂ ಫಿಲ್ಟರನ್ನೂ ಬದಲಿಸಿ, ಹೆಡ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕೇ ಎಂದು ಮಿಸ್ತ್ರಿಯನ್ನು ಕೇಳಿಕೊಳ್ಳಿ. ಇಳಿಸಿದ ಹಳೆಯ ಆಯಿಲನ್ನು ತಗಡಿನ ಬುಟ್ಟಿಯಲ್ಲಿ ಬಿಸಿಲಿಗೆ ಹಿಡಿದು ನೋಡಿದರೆ ಸಣ್ಣ ಬೆಳ್ಳಿಯ ಹೊಳಪು ಕಂಡೀತು. ಅದು ಉಜ್ಜಿಕೊಂಡ ಲೋಹ, ಮೊದಲ ಸಲ ಕಾಣುವುದು ಸಹಜವೇ. ಎರಡನೆಯ ಸಲ ಆಯಿಲು ತೆಗೆದಾಗಲೂ ಅಷ್ಟೇ ಹೊಳಪಿದ್ದರೆ ಗಾಡಿಯನ್ನು ಹೊಲಕ್ಕೆ ಬಿಡದೆ ಅದೇ ದಿನ ಗ್ಯಾರೇಜಿಗೆ ಒಯ್ಯಿರಿ.